ಚಪ್ಪಲಿ ಬಿಟ್ಟು ಎತ್ತುವ ಫೋನು

ನಮ್ಮ ತೆಲುಗು ಚಾನೆಲ್ಲಿನ ಹೆಸರು ಧೈರ್ಯಂ ಟೀವಿ. ಕನ್ನಡದ ಧೈರ್ಯಕ್ಕೆ ಕೊನೆಯಲ್ಲಿ ಒಂದು ಸೊನ್ನೆ ಸುತ್ತಿದರೆ ತೆಲುಗಿನ ಧೈರ್ಯಂ ಆಗುತ್ತದೆ. ನಮ್ಮಲ್ಲಿ ಆ ಸೊನ್ನೆಯ ಹೆಸರು ಹನುಮಂತರಾಯ. ಮಾಲೀಕರೂ ಅವರೇ, ಸಂಪಾದಕರೂ ಅವರೇ, ಸಂಪಾದನೆಯಂತೂ ಅವರದೇ.

ನಾರಾಯಣಗೂಡದಲ್ಲಿ ಒಂದು ಕೋಚಿಂಗ್ ಸೆಂಟರಿನ ನೆತ್ತಿಯ ಮೇಲೆ ನಮ್ಮ ಆಫೀಸು. ಕೆಳಗಿನ ಮಹಡಿಯಲ್ಲಿ ಮಕ್ಕಳು ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕುವುದನ್ನು ಕಲಿಯುತ್ತಾರೆ. ಮೇಲಿನವರಾದ ನಮಗೆ ಆ ತಾಪತ್ರಯವಿಲ್ಲ. ಉತ್ತರ ಒಂದೇ ಇರುತ್ತದೆ, ಅದೂ ಫೋನಿನಲ್ಲಿ ಬರುತ್ತದೆ.

ರಾಯರು ರಾಯಚೂರಿನ ಕಡೆಯವರು. ಎಡಗಿವಿ ಮಂದ, ಬಲಗಿವಿ ಅದಕ್ಕಿಂತ ಸ್ವಲ್ಪ ವಾಸಿ. ಆದ್ದರಿಂದ ಫೋನಿನ ದನಿಯನ್ನು ಪೂರ್ತಿ ಏರಿಸಿಟ್ಟುಕೊಂಡಿರುತ್ತಾರೆ. ಗಾಜಿನ ಕ್ಯಾಬಿನ್ನಿನೊಳಗೆ ಅವರು ಗುಟ್ಟು ಮಾತಾಡಿದರೆ ಹೊರಗೆ ಚಹಾ ಕುಡಿಯುವ ನಮಗೆಲ್ಲ ಎರಡೂ ಕಡೆಯ ಮಾತು ಕೇಳಿಸುತ್ತದೆ. ಕೇಳಿಸದಿದ್ದರೂ ನಷ್ಟವಿಲ್ಲ, ನೋಡಿದರೆ ಸಾಕು. ಜಾಹೀರಾತಿನವರ ಫೋನಾದರೆ ರಾಯರು ಕೂತೇ ಇರುತ್ತಾರೆ. ಪೊಲೀಸ್ ಅಧಿಕಾರಿಗಳದಾದರೆ ಎದ್ದು ನಿಲ್ಲುತ್ತಾರೆ. ‘ಅಣ್ಣಗಾರು’ ಫೋನು ಮಾಡಿದರೆ ಎದ್ದು ನಿಂತು, ಚಪ್ಪಲಿ ಕಳಚಿ, ಗರ್ಭಗುಡಿಯ ಮುಂದೆ ನಿಂತವರ ಹಾಗೆ ಬರಿಗಾಲಲ್ಲಿ ಮಾತಾಡುತ್ತಾರೆ. ಆ ಚಪ್ಪಲಿ ಹಾರಿ ಗಾಜಿಗೆ ಬಡಿದ ಸದ್ದು ಬಂತೆಂದರೆ ಡೆಸ್ಕಿನವರು ಯಾರೂ ಹೇಳದೆಯೇ ಒಂದು ಸುದ್ದಿಯನ್ನು ತೆಗೆದು ಬದಿಗಿಡುತ್ತಾರೆ. ಬೇರೆ ಚಾನೆಲ್ಲುಗಳಲ್ಲಿ ಬ್ರೇಕಿಂಗ್ ನ್ಯೂಸ್ ಇರುತ್ತದೆ; ನಮ್ಮಲ್ಲಿ ಬ್ರೇಕ್ ಹಾಕಿದ ನ್ಯೂಸ್.

ಅಣ್ಣಗಾರು ಎಂದರೆ ಸರ್ಕಾರದ ಬಾಯಿ. ಏನೋ ಸಮನ್ವಯದ ಹುದ್ದೆ ಅಂತೆ, ಬಾಗಿಲ ಮೇಲೆ ಫಲಕವಿಲ್ಲ. ಅವರು ಏನನ್ನೂ ಬರೆದು ಕಳಿಸುವುದಿಲ್ಲ, ಬರೆದದ್ದನ್ನು ಯಾರಾದರೂ ಕೋರ್ಟಿಗೆ ಒಯ್ದಾರು ಎಂಬ ಮುಂಜಾಗ್ರತೆ. ಪ್ರತಿಸಲ ಬೇರೆ ಬೇರೆ ನಂಬರಿನಿಂದ ಫೋನು. ಹೆಸರು ಹೇಳುವುದಿಲ್ಲ. ಕೆನ್ನೆಯಲ್ಲೊಂದು ಅಡಿಕೆ ಚೂರು, ಮೊದಲಿಗೊಂದು ಕೆಮ್ಮು, ಆಮೇಲೆ ಎಮ್ಮೆ ಕೆಸರಿನಿಂದ ಎದ್ದ ಹಾಗೆ ನಿಧಾನಕ್ಕೆ ಏಳುವ ‘ಏಮಯ್ಯಾ ಹನುಮಂತೂ.’ ಕೊನೆಗೆ ಮುದ್ರೆ ಒತ್ತಿದಂತೆ ಯಾವಾಗಲೂ ಒಂದೇ ಮಾತು: ‘ನೇನು ಚೆಪ್ಪಲೇ, ನುವ್ವು ವಿನಲೇ.’ ನಾನು ಹೇಳಲಿಲ್ಲ, ನೀನು ಕೇಳಲಿಲ್ಲ. ಆ ಮಾತು ಬಿದ್ದ ಮೇಲೆಯೇ ಹೇಳಿದ್ದು ಹೇಳಿದಂತೆ, ಕೇಳಿದ್ದು ಕೇಳಿದಂತೆ.

ತಿರುಗಿ ಆ ನಂಬರಿಗೆ ಯಾರೂ ಫೋನು ಮಾಡಕೂಡದು. ದಿಲ್‌ಸುಖ್‌ನಗರದ ಕಡೆಯ ಸಣ್ಣ ಚಾನೆಲ್ಲಿನ ಸಂಪಾದಕನೊಬ್ಬ ಒಮ್ಮೆ ಮಾಡಿ, ಸಾರ್, ಈಗ ಮಾತಾಡಿದ್ದು ನೀವೇನಾ ಎಂದು ಕೇಳಿದನಂತೆ. ಮರುದಿನದಿಂದ ಅವನ ಚಾನೆಲ್ಲು ಯಾರ ಮನೆಯ ಕೇಬಲ್ಲಿನಲ್ಲೂ ಸಿಗಲಿಲ್ಲ. ತಾಂತ್ರಿಕ ದೋಷ ಎಂದರು. ದೋಷ ಈಗಲೂ ಇದೆ, ಚಾನೆಲ್ಲು ಇಲ್ಲ.

ಈ ಆಫೀಸಿನಲ್ಲಿ ಶಿವಪ್ರಕಾಶನಾದ ನನ್ನ ಮುಖಕ್ಕೆ ಕೆಲಸವಿಲ್ಲ, ಗಂಟಲಿಗಷ್ಟೇ. ಚಿತ್ರಗಳ ಹಿಂದೆ ಓದುವ ದನಿ ನನ್ನದು. ಊಟದ ಹೊತ್ತಿನಲ್ಲಿ ಅದೇ ಗಂಟಲಿನಿಂದ ರಾಯರನ್ನು, ಮೆಟ್ರೋದಲ್ಲಿ ಮುಂದಿನ ಸ್ಟೇಷನ್ ಹೇಳುವ ಹೆಂಗಸನ್ನು, ಅಣ್ಣಗಾರರನ್ನು ಒಬ್ಬೊಬ್ಬರನ್ನಾಗಿ ಹೊರಗೆ ತೆಗೆಯುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಕೃಪಾ.

ಕೃಪಾ ನಮ್ಮ ವರದಿಗಾರ್ತಿ, ಮೆಹದಿಪಟ್ಟಣಂನ ಹುಡುಗಿ. ಅಪ್ಪ ಶಿವಾನಂದ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಅಮ್ಮ ಕಮಲಾಕ್ಷಿ. ಊರಂಚಿನ ಕೆರೆಯೊಂದನ್ನು ಸುಂದರಗೊಳಿಸಿ, ಮಂತ್ರಿಗಳೊಬ್ಬರು ಅದರಲ್ಲಿ ದೋಣಿವಿಹಾರ ಉದ್ಘಾಟಿಸುವವರಿದ್ದರು. ಸುಂದರಗೊಳಿಸುವುದೆಂದರೆ ದಂಡೆಗೆ ಗೋಡೆ ಕಟ್ಟಿ ಬಣ್ಣ ಹೊಡೆಯುವುದು. ನೀರಿಗೆ ಸುತ್ತಲಿನ ಕಾರ್ಖಾನೆಗಳು ಆಗಲೇ ಬಣ್ಣ ಹೊಡೆದಿದ್ದವು. ಉದ್ಘಾಟನೆಯ ಮುಂಜಾನೆ ಕೆರೆಯ ಮೀನೆಲ್ಲ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ಮಂತ್ರಿಗಳು ಬರುವಷ್ಟರಲ್ಲಿ ಬಲೆ ಹಾಕಿ ಬಳಿದು ಟ್ರ್ಯಾಕ್ಟರಿಗೆ ತುಂಬಿದರು. ಮೇಲೆ ಮುಚ್ಚಲು ಗಡಿಬಿಡಿಯಲ್ಲಿ ಸಿಕ್ಕಿದ್ದು ಮಂತ್ರಿಗಳದೇ ಒಂದು ಫ್ಲೆಕ್ಸು. ಕೆಳಗೆ ಸತ್ತ ಮೀನು, ಮೇಲೆ ಕೈಮುಗಿದು ನಗುವ ಮಂತ್ರಿ. ಟ್ರ್ಯಾಕ್ಟರು ಕುಲುಕಿದ ಹಾಗೆಲ್ಲ ಅವರ ಕೆನ್ನೆಯೂ ಕುಲುಕುತ್ತಿತ್ತು. ಕೃಪಾ ಅದನ್ನು ಚಿತ್ರೀಕರಿಸಿದಳು. ರಾಯರು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಅದು ಒಂದು ಸಲ ಪ್ರಸಾರವಾಯಿತು, ನನ್ನ ದನಿಯಲ್ಲೇ.

ರಾಯರು ಕೈ ತೊಳೆದು ಬಂದು ಕೂರುವುದರೊಳಗೆ ಚಪ್ಪಲಿ ಹಾರಿತು.

ಸಂಜೆಗೆ ಪೊಲೀಸರು ಕೃಪಾಳನ್ನು ಒಯ್ದರು. ಗಣ್ಯರ ಅವಹೇಳನ, ಜನರಲ್ಲಿ ಭೀತಿ ಹುಟ್ಟಿಸುವುದು ಇತ್ಯಾದಿಗಳ ಜೊತೆಗೆ ಒಂದು ಗಟ್ಟಿಯಾದ ಆರೋಪವಿತ್ತು: ವರದಿಗಾರ್ತಿಯಂತೆ ಸೋಗು ಹಾಕಿ ವಂಚನೆ. ಯಾಕೆಂದರೆ ಪೊಲೀಸರು ಕೇಳಿದಾಗ ರಾಯರು, ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ ಎಂದುಬಿಟ್ಟಿದ್ದರು. ಉಳಿದವೆಲ್ಲ ಊದಿದರೆ ಹಾರುವ ಆರೋಪಗಳು, ಆದರೆ ಈ ಸೋಗಿನದೊಂದು ಕಚ್ಚಿಕೊಂಡಿದೆ ಎಂದು ವಕೀಲರು ಹೇಳಿದರು. ಸೋಮವಾರ ನಾಂಪಲ್ಲಿ ಕೋರ್ಟಿನಲ್ಲಿ ಮಾಲೀಕರೇ ಬಂದು ಇವಳು ನಮ್ಮವಳು ಎಂದರೆ ಜಾಮೀನು. ಇಲ್ಲವಾದರೆ ಚಂಚಲಗೂಡ ಜೈಲಿನಲ್ಲಿ ಇನ್ನೆಷ್ಟು ಸೋಮವಾರಗಳೋ.

ಮರುದಿನ ಶಿವಾನಂದ ಕಾಕಾ ಆಫೀಸಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿಗೆ ಪೆನ್ನು. ರಾಯರು ಅವರನ್ನು ಕೂರಿಸಿ ಚಹಾ, ಉಸ್ಮಾನಿಯಾ ಬಿಸ್ಕೀಟು ತರಿಸಿ, ನನ್ನನ್ನೂ ಒಳಗೆ ಕರೆದರು. ಮರುಗುವಾಗ ನೋಡಲು ಒಬ್ಬರಾದರೂ ಬೇಕಲ್ಲ.

“ಕೃಪಾ ನನ್ನ ಮಗಳಿದ್ದಂಗ ರೀ ಶಿವಾನಂದವ್ರ. ನಿನ್ನಿಯಿಂದ ಗಂಟಲಾಗ ಅನ್ನ ಇಳಿವಲ್ದು ನೋಡ್ರಿ,” ಎಂದರು ರಾಯರು.

“ಹಂಗಾರ ಕೋರ್ಟಿಗೆ ಬಂದು, ಈಕಿ ನಮ್ಮ ಆಫೀಸಿನಾಕಿ ಅಂತ ಒಂದ್ ಮಾತ ಹೇಳ್ರಿ.”

ರಾಯರು ಬಿಸ್ಕೀಟನ್ನು ಚಹಾದಲ್ಲಿ ಅದ್ದಿದರು. “ಮನಿ ಮಗಳು ಅಂತ ಬೇಕಾದಲ್ಲಿ ಹೇಳ್ತೀನ್ರಿ. ಆಫೀಸಿನಾಕಿ ಅನ್ನಾಕ ಆಗಂಗಿಲ್ಲ.”

“ಆಕಿ ಕೊಳ್ಳಾಗ ನಿಮ್ಮದ ಕಾರ್ಡ್ ಐತ್ರಿ.”

“ಕಾರ್ಡಿಂದ ಏನ್ರಿ. ಇವತ್ತ ಇರತೈತಿ, ನಾಳಿ ಇರಂಗಿಲ್ಲ. ಮನಷ್ಯಾನ ಸಂಬಂಧ ದೊಡ್ಡದು.” ಅದ್ದಿದ ಬಿಸ್ಕೀಟು ಮುರಿದು ತಳ ಸೇರಿತು. ರಾಯರು ನಿಜವಾಗಿ ಮರುಗಿದ್ದು ಆಗಲೇ. “ನನ್ನ ಕೈಯಾಗ ಏನೈತ್ರಿ? ಮ್ಯಾಲಿಂದ ಒಂದ್ ಮಾತ ಬರಲಿ, ಓಡಿ ಬಂದು ಹೇಳ್ತೀನಿ.”

ಮೆಟ್ಟಿಲಿಳಿಯುವಾಗ ಕಾಕಾ ನನ್ನನ್ನು ಕೇಳಿದ್ದು ಒಂದೇ: ಮೇಲೆ ಎಂದರೆ ಯಾವ ಮಹಡಿ, ಯಾರ ಹೆಸರಿಗೆ ಅರ್ಜಿ ಬರೆಯಬೇಕು. ಜಗತ್ತಿನ ಎಲ್ಲ ಬಾಗಿಲಿಗೂ ಒಂದು ಅರ್ಜಿಯ ನಮೂನೆ ಇರುತ್ತದೆಂದು ನಂಬಿ ಬದುಕಿದ ಮನುಷ್ಯ.

“ಅದಕ್ಕ ಅರ್ಜಿ ಇಲ್ರಿ ಕಾಕಾ, ಕೆಮ್ಮ ಐತಿ,” ಎಂದೆ. ಹಾಗೆಂದ ಮೇಲೆ ನಾನೇ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಬರಹವಿಲ್ಲ, ಹೆಸರಿಲ್ಲ, ಗೊತ್ತಾದ ನಂಬರಿಲ್ಲ, ತಿರುಗಿ ಕೇಳುವಂತಿಲ್ಲ. ಸಿಕ್ಕಿಬೀಳಬಾರದೆಂದು ಒಂದು ಸರ್ಕಾರ ಇಷ್ಟೆಲ್ಲ ಜಾಣತನ ಮಾಡಿ, ಕೊನೆಗೆ ತನ್ನ ಅಧಿಕಾರವನ್ನೆಲ್ಲ ಒಂದು ಅಡಿಕೆ ಚೂರಿನ ಹಿಂದೆ ಬಚ್ಚಿಟ್ಟಿತ್ತು. ಅಡಿಕೆ ನಾರಾಯಣಗೂಡದ ಯಾವ ಪಾನ್ ಡಬ್ಬಿಯಲ್ಲೂ ಸಿಗುತ್ತದೆ.

ಭಾನುವಾರ ಮೆಹದಿಪಟ್ಟಣಂನ ಅವರ ಮನೆಯ ಅಡುಗೆಮನೆಯಲ್ಲಿ ಸೇರಿದೆವು. ಕಮಲಾಕ್ಷಿ ಕಾಕು ಕುಕ್ಕರಿನ ಕೆಳಗಿನ ಒಲೆ ಆರಿಸಿದರು. ಮಾತಿನ ನಡುವೆ ಸೀಟಿ ಹೊಡೆದರೆ ಅಣ್ಣಗಾರು ಬೇಳೆ ಬೇಯಿಸುತ್ತಿದ್ದಾರೆ ಎಂದಾದೀತು. ಫೋನು ಕಾಕೂದು, ತಂಗಿಯರಿಗೆ ಬಿಟ್ಟರೆ ಯಾರಿಗೂ ಮಾಡದ ನಂಬರು. ಸಿಕ್ಕಿಬಿದ್ದರೆ ನನಗೂ ಕೃಪಾಳ ಪಕ್ಕದಲ್ಲೇ ಜಾಗ ಎಂಬುದು ನನಗೆ ಗೊತ್ತಿತ್ತು. ಗಂಡಸರ ಜೈಲು ಬೇರೆ ಎಂಬುದಷ್ಟೇ ವ್ಯತ್ಯಾಸ. ಕಾಕಾ ಬಾಗಿಲಲ್ಲಿ ನಿಂತು ಒಪ್ಪದ ಮುಖ ಮಾಡಿದ್ದರು.

“ಸೋಗ ಹಾಕ್ಯಾಳಂತ ಆಕೀನ್ನ ಒಳಗ ಹಾಕ್ಯಾರ. ಬಿಡಿಸಾಕ ನಾವೂ ಸೋಗ ಹಾಕೂದೇನ?”

“ಆಕಿ ಏನೂ ಹಾಕಿರಲಿಲ್ಲ, ಆದರೂ ಒಳಗದಾಳ,” ಎಂದರು ಕಾಕು. “ನೀವು ಹೊರಗ ಕೂತು ಪೇಪರ್ ಓದ್ರಿ.”

“ಪೇಪರಿನಾಗ ಏನೈತಿ ಓದಾಕ,” ಎಂದು ಗೊಣಗಿ ಕಾಕಾ ಅಲ್ಲೇ ನಿಂತರು.

ನಾನು ಅಡಿಕೆಯನ್ನು ಕೆನ್ನೆಗೆ ಒತ್ತಿ, ನಂಬರು ಒತ್ತಿ, ಕೆಮ್ಮಿದೆ. ‘ಏಮಯ್ಯಾ ಹನುಮಂತೂ.’

ಆ ಕಡೆ ಕುರ್ಚಿ ಸರಿಯಿತು. ಒಂದು ಚಪ್ಪಲಿ ಬಿತ್ತು. ಸ್ವಲ್ಪ ತಡೆದು ಇನ್ನೊಂದು. ರಜೆಯ ದಿನ, ತನ್ನ ಸ್ವಂತ ಮನೆಯೊಳಗೆ, ಯಾರೂ ನೋಡದಿದ್ದರೂ ಈ ಮನುಷ್ಯ ಚಪ್ಪಲಿ ಬಿಟ್ಟಿದ್ದ. ಕ್ಯಾಂಟೀನಿನಲ್ಲಿ ಇದೇ ದನಿಗೆ ನಗು ಬರುತ್ತಿತ್ತು, ಇಲ್ಲಿ ಚಪ್ಪಲಿ ಬಿತ್ತು. ಕಲಾವಿದನಾಗಿ ಸಂತೋಷಪಡಬೇಕಿತ್ತು, ಹೇಸಿಗೆಯಾಯಿತು.

ಆ ಹುಡುಗಿ ನಿಮ್ಮವಳೇ ಅಲ್ಲವೇನಯ್ಯಾ ಎಂದು ತೆಲುಗಿನಲ್ಲಿ ಎಳೆದೆ. ತಾವು ಅಲ್ಲ ಎಂದಿರಿ, ಅದಕ್ಕೇ ಅಲ್ಲ ಸಾರ್, ಎಂದರು ರಾಯರು. ತಾವು ಹೌದು ಎಂದರೆ ಚಾನೆಲ್ಲು ಹುಟ್ಟುವ ಮೊದಲಿನಿಂದಲೂ ನಮ್ಮವಳೇ. ನಾಳೆ ಕೋರ್ಟಿಗೆ ಸ್ವತಃ ಹೋಗಿ ಹೇಳು ಎಂದೆ. ಜೋರಾಗಿ ಹೇಳಲೋ ಮೆಲ್ಲಗೆ ಹೇಳಲೋ ಎಂದು ಕೇಳಿದರು. ಜೋರಾಗಿ. ಆಮೇಲೆ, ವಿನಯದಿಂದ, ಕಣ್ಣೀರು ಹಾಕಬೇಕೇ ಸಾರ್ ಎಂದರು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ನಗು ಒತ್ತಿಬಂದು ಅಡಿಕೆ ಗಂಟಲಿಗಿಳಿದು ನಿಜವಾದ ಕೆಮ್ಮು ಬಂತು. ರಾಯರು ನನ್ನ ಆರೋಗ್ಯಕ್ಕೆ ಮಿಡುಕಿದರು. ಸ್ವಲ್ಪ ಹಾಕು ಎಂದೆ, ಕಣ್ಣೊರೆಸಿಕೊಳ್ಳುತ್ತ.

ಕೆಲಸ ಆಯಿತೆಂದು ಸುಮ್ಮನಾದೆ. ಆದರೆ ಆ ಕಡೆಯಿಂದ ಉಸಿರಾಟ ಕೇಳುತ್ತಲೇ ಇತ್ತು. ಯಾಕೆ ಇಡುತ್ತಿಲ್ಲ? ಗುರುತು ಹತ್ತಿತೇ? ಕಾಕು ಒಲೆಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

“ಸಾರ್,” ಎಂದರು ರಾಯರು, ಪ್ರಸಾದಕ್ಕೆ ಕೈಯೊಡ್ಡಿ ನಿಂತವರ ದನಿಯಲ್ಲಿ. “ಅದೀ...”

ಆಗ ನೆನಪಾಯಿತು. ಮುದ್ರೆ ಒತ್ತಿರಲಿಲ್ಲ. ‘ನೇನು ಚೆಪ್ಪಲೇ, ನುವ್ವು ವಿನಲೇ’ ಎಂದೆ.

“ವಿನಲೇ ಸಾರ್. ಏಮೀ ವಿನಲೇ,” ಎಂದು ಹಗುರಾಗಿ ಫೋನಿಟ್ಟರು. ಕಾಕು ಒಲೆ ಹೊತ್ತಿಸಿದರು. ಕಾಕಾ ಒಂದು ಲೋಟ ನೀರು ತಂದು ನನ್ನ ಕೈಗಿತ್ತು ಪೇಪರ್ ಓದಲು ಹೋದರು.

ಸೋಮವಾರ ರಾಯರು ನಾಂಪಲ್ಲಿಗೆ ಎರಡು ಕ್ಯಾಮೆರಾ ತೆಗೆದುಕೊಂಡು ಬಂದರು. ನ್ಯಾಯಾಧೀಶರ ಮುಂದೆ, ಕೃಪಾ ಮೊದಲಿನಿಂದಲೂ ನಮ್ಮ ವರದಿಗಾರ್ತಿ, ಪೊಲೀಸರಿಗೆ ತಪ್ಪು ಮಾಹಿತಿ ಹೋದದ್ದು ಗುಮಾಸ್ತನ ಅಚಾತುರ್ಯ ಎಂದರು. ನಮ್ಮಲ್ಲಿ ಗುಮಾಸ್ತನೇ ಇಲ್ಲ. ಸ್ವಲ್ಪ ಎಂದಿದ್ದಕ್ಕೋ ಏನೋ ಒಂದೇ ಕಣ್ಣಿನಲ್ಲಿ ನೀರು ತಂದರು, ಅದೂ ಕ್ಯಾಮೆರಾದ ಕಡೆಯದು. ಹೊರಗೆ ಬಂದು ಲೇಖನಿಯ ಮೊನೆ ಕತ್ತಿಗಿಂತ ಹರಿತ ಎಂದರು. ಅವರು ಚೆಕ್ಕಿಗೆ ಬಿಟ್ಟರೆ ಬೇರೆಲ್ಲೂ ಲೇಖನಿ ಮುಟ್ಟಿದವರಲ್ಲ. ಕೃಪಾಗೆ ಜಾಮೀನು ಸಿಕ್ಕಿತು.

ನಾನು ಬಯಸಿದ್ದು ಅಷ್ಟೇ. ಆದರೆ ಗುಲಾಮನಿಗೆ ಒಂದು ಅಪ್ಪಣೆ ಕೊಟ್ಟು ಸುಮ್ಮನಿರುವಂತಿಲ್ಲ, ಅವನು ಅದಕ್ಕೆ ಭಾಷ್ಯ ಬರೆಯುತ್ತಾನೆ. ಅಣ್ಣಗಾರೇ ಈ ಹುಡುಗಿಯನ್ನು ಬಿಡಿಸುತ್ತಿದ್ದಾರೆಂದರೆ ಮಂತ್ರಿಯ ಕಥೆ ಮುಗಿದಿದೆ ಎಂದು ರಾಯರು ಲೆಕ್ಕ ಹಾಕಿದರು. ಮಧ್ಯಾಹ್ನದಿಂದ ಧೈರ್ಯಂ ಟೀವಿಯಲ್ಲಿ ಮೀನೋ ಮೀನು. ಧೈರ್ಯಂನವರೇ ತೋರಿಸುತ್ತಿದ್ದಾರೆಂದರೆ ಮೇಲಿನಿಂದ ಸೂಚನೆ ಬಂದಿರಲೇಬೇಕು ಎಂದು ಉಳಿದ ಚಾನೆಲ್ಲುಗಳೂ ತೋರಿಸಿದವು. ಎಲ್ಲ ಚಾನೆಲ್ಲಿನಲ್ಲೂ ತನ್ನ ಕೆನ್ನೆ ಕುಲುಕುವುದನ್ನು ಕಂಡ ಮಂತ್ರಿ, ಸರ್ಕಾರದ ಯಜಮಾನರೇ ತನ್ನ ಕೈಬಿಟ್ಟರೆಂದು ತಿಳಿದು ಎದೆನೋವೆಂದು ಆಸ್ಪತ್ರೆ ಸೇರಿದ. ಎಲ್ಲರೂ ನೋಡಿದರು, ಯಾರೂ ಯಾರನ್ನೂ ಕೇಳಲಿಲ್ಲ.

ಮರುದಿನ ನಿಜವಾದ ಅಣ್ಣಗಾರರ ಫೋನು ಬಂತು. ಚಪ್ಪಲಿ ಗಾಜಿಗೆ ಬಡಿಯಿತು. ನಾನು ಹೊರಗೆ ಚಹಾದ ಲೋಟ ಹಿಡಿದು ನಿಂತಿದ್ದೆ. ಅಣ್ಣಗಾರು ಬಾಯಿ ತೆರೆಯುವ ಮೊದಲೇ ರಾಯರು, ತಾವು ಹೇಳಿದ ಹಾಗೇ ಮಾಡಿದೆ ಸಾರ್ ಎಂದರು.

ಆ ಕಡೆ ಅಡಿಕೆ ಅಗಿಯುವುದು ನಿಂತಿತು. ಅವರು ಏನು ಯೋಚಿಸುತ್ತಿದ್ದಾರೆಂದು ಊಹಿಸಲು ಅವರ ಗಂಟಲು ಬಲ್ಲ ನನಗೆ ಕಷ್ಟವಾಗಲಿಲ್ಲ. ತಮಗಿಂತ ಮೇಲಿನವರು ತಮ್ಮನ್ನು ದಾಟಿ, ತಮ್ಮ ಹೆಸರಿನಲ್ಲಿ ಹೇಳಿಸಿದ್ದಾರೆ. ಯಾರು ಹೇಳಿದ್ದು ಎಂದು ಕೇಳಿದರೆ ತಮಗೆ ಗೊತ್ತಿಲ್ಲದೆ ಹೇಳುವವರಿದ್ದಾರೆಂದು ಹನುಮಂತನ ಎದುರು ಒಪ್ಪಿಕೊಂಡಂತೆ. ಕೊನೆಗೊಂದು ಕೆಮ್ಮು ಬಂತು, ನನ್ನದಕ್ಕಿಂತ ಸಪ್ಪೆಯಾದದ್ದು. ಹೂಂ, ಹೇಳಿದ ಹಾಗೇ ಮಾಡಿದ್ದೀ, ಎಂದರು. ‘ನೇನು ಚೆಪ್ಪಲೇ’ ಎಂದೂ ಸೇರಿಸಿದರು. ಆ ಮಾತು ಅವರ ಬಾಯಲ್ಲಿ ಅದೇ ಮೊದಲ ಸಲ ನಿಜವಾಗಿತ್ತು.

ಆ ವಾರದ ಕೊನೆಗೆ ರಾಯರು ಕೃಪಾಗೆ ಸನ್ಮಾನ ಇಟ್ಟುಕೊಂಡರು. ಶಾಲು, ಹಣ್ಣಿನ ಬುಟ್ಟಿ, ಎಲ್ಲರಿಗೂ ಖುಬಾನಿ ಕಾ ಮೀಠಾ ಎಂಬ ಸಿಹಿ. ಅವಳು ಬಂದದ್ದೇ ನನಗೆ ಆಶ್ಚರ್ಯ. ಅಮ್ಮ ಅವಳಿಗೆ ಎಲ್ಲವನ್ನೂ ಹೇಳಿದ್ದರು. ನಾನು ಧನ್ಯವಾದ ನಿರೀಕ್ಷಿಸಿದ್ದೆ, ಜೊತೆಗೆ ಅವಳ ಆ ಜೋರು ನಗುವನ್ನೂ.

“ಮೀನ ಸತ್ತದ್ದು ಖರೇನ ಅಲ್ಲೇನೋ ಶಿವೂ?” ಎಂದಳು. “ಖರೇ ಐತಿ ಅಂತ ಒಬ್ಬರಾದ್ರೂ ತೋರಿಸಿದ್ರೇನು?”

ನಾನು ಖುಬಾನಿಯ ಬಟ್ಟಲು ಎತ್ತಿಕೊಂಡು ಬಾಯಿಗೆ ಕೆಲಸ ಕೊಟ್ಟೆ.

ಸಭೆ ಶುರುವಾಯಿತು. ರಾಯರು ಶಾಲು ಬಿಡಿಸಿ ಹಿಡಿದು, ಇಂಥ ಮಗಳನ್ನು ಪಡೆದ ಸಂಸ್ಥೆಯೇ ಧನ್ಯ ಎಂಬಲ್ಲಿಗೆ ಬಂದಿದ್ದರು. ಫೋನು ಹೊಡೆದುಕೊಂಡಿತು. ನಂಬರು ನೋಡಿ ಎತ್ತಿದವರು, ಒಂದು ಕೆಮ್ಮು ಕೇಳಿದ್ದೇ, ಎಲ್ಲರೆದುರಿಗೆ ಚಪ್ಪಲಿ ಒದ್ದು ಬಿಟ್ಟರು. ಕೃಪಾ ಸರಕ್ಕನೆ ನನ್ನ ಕಡೆ ತಿರುಗಿದಳು. ನನ್ನ ಬಾಯಿ ತುಂಬ ಖುಬಾನಿ ಇತ್ತು. ಅಲ್ಲ ಎಂದು ತಲೆಯಾಡಿಸಿದೆ. ಇದು ಅಸಲಿ.

ಅಸಲಿ ದನಿ ಕೋಣೆಯ ತುಂಬ ಕೇಳಿತು. ಮಂತ್ರಿಗಳು ಗುಣವಾಗಿ ಮನೆಗೆ ಬಂದಿದ್ದಾರೆ, ಯಜಮಾನರು ಹೂಗುಚ್ಛ ಕಳಿಸಿದ್ದಾರೆ. ಮೀನು ಇನ್ನು ಸಾಕು. ಅಂದಹಾಗೆ, ಆ ಹುಡುಗಿ ನಿಮ್ಮವಳೇ?

“ಯಾವ ಹುಡುಗಿ ಸಾರ್?” ಎಂದರು ರಾಯರು. ಶಾಲು ಇನ್ನೂ ಅವರ ಕೈಯಲ್ಲೇ ಇತ್ತು.

ಕೃಪಾ ಕೊರಳಿನಿಂದ ಧೈರ್ಯಂ ಟೀವಿಯ ಕಾರ್ಡು ತೆಗೆದು, ಮಗುಚಿ ಬಿದ್ದಿದ್ದ ಅವರ ಚಪ್ಪಲಿಯ ಮೇಲಿಟ್ಟಳು. ತನ್ನ ಫೋನು ಹೊರತೆಗೆದು ಮುಖದೆದುರು ಹಿಡಿದು, ನನ್ನ ಹೆಸರು ಕೃಪಾ, ನಾನು ಯಾವ ಚಾನೆಲ್ಲಿನವಳೂ ಅಲ್ಲ, ಎಂದು ತೆಲುಗಿನಲ್ಲಿ ಶುರುಮಾಡಿದಳು. ಒಂದು ಕ್ಷಣ ತಡೆದು, ನನಗಷ್ಟೇ ಕೇಳುವಂತೆ, “ಈಗ ಸೋಗಿನ ಕೇಸ ಹ್ಯಾಂಗ ಹಾಕ್ತಾರ ನೋಡೂಣು,” ಎಂದಳು.

ಆಮೇಲೆ ಕ್ಯಾಮೆರಾವನ್ನು ಮೆಲ್ಲಗೆ ಕೆಳಗಿಳಿಸಿದಳು, ರಾಯರ ಪಂಚೆಯ ಅಂಚಿನವರೆಗೆ, ಅಲ್ಲಿಂದ ಅವರ ಬರಿಗಾಲಿನವರೆಗೆ. ಅವರು ನೋಡಲಿಲ್ಲ, ಕೇಳುವುದರಲ್ಲಿದ್ದರು. ಹತ್ತೂ ಬೆರಳುಗಳು ತಣ್ಣನೆಯ ನೆಲವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು.